ಮೂರನೆಯ ಚೌಕದ ಹೆಂಗಸು

ನಮ್ಮ ಕೆಳಗಿನ ಮನೆಯ ಇಂಗ್ಲಿಷ್ ಮೇಷ್ಟ್ರ ಹೆಂಡತಿಯ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಟ್ಯೂಷನ್ ಮಕ್ಕಳಿಗೆ ಅವಳು ಆಬ್ಜೆಕ್ಟ್ ಆಂಟಿ. ಈಗೀಗ ಪೇಪರ್ ಹಾಕುವವನೂ ಹಾಗೇ ಕರೆಯುತ್ತಾನೆ. ಅವಳೂ ಓಗೊಡುತ್ತಾಳೆ, ನನಗೆ ಮೈ ಉರಿಯುವುದು ಅದಕ್ಕೇ.

ಈ ಹೆಸರು ಬಂದದ್ದು ಮೇಷ್ಟ್ರ ಪಾಠದ ವರಸೆಯಿಂದ. ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೂರು ಚೌಕ ಬರೆಯುತ್ತಾರೆ. ಮೊದಲನೆಯದು ಕೆಲಸ ಮಾಡಿದವರದು, ಅಲ್ಲಿ ತಾವೇ ನಿಲ್ಲುತ್ತಾರೆ. ನಡುವಿನದು ಕ್ರಿಯಾಪದದ್ದು, ಅಲ್ಲಿ ಯಾವನೋ ಒಬ್ಬ ವಿದ್ಯಾರ್ಥಿ. ಆ ಕೆಲಸ ಯಾರ ಮೇಲೆ ಬಿತ್ತೋ ಅವರಿಗೆ, ಅಂದರೆ ಆಬ್ಜೆಕ್ಟಿಗೆ, ಮೂರನೆಯದು. ಅದಕ್ಕೆ ಹೆಂಡತಿಯೇ ಬರಬೇಕು, ಒಲೆಯ ಮೇಲೆ ಏನೇ ಇರಲಿ. ಅವಳು ಕೈ ಒರೆಸಿಕೊಂಡು ಬಂದು ಗೋಡೆ ನೋಡುತ್ತಾ ನಿಲ್ಲುತ್ತಾಳೆ. ಮೇಷ್ಟ್ರು ಹೆಂಡತಿಯನ್ನು ಬೈದರು, ತಳ್ಳಿದರು, ಮನೆಯಿಂದ ಓಡಿಸಿದರು ಎಂದು ಇಂಗ್ಲಿಷಿನಲ್ಲಿ ವಾಕ್ಯದ ಮೇಲೆ ವಾಕ್ಯ. ಯಾರನ್ನು ಎಂದು ಕೇಳಿದರೆ ಸಾಕು, ಮಕ್ಕಳೆಲ್ಲ ಅವಳತ್ತ ಬೆರಳು ಮಾಡಿ ಕೂಗಿ ಬಿದ್ದು ಬಿದ್ದು ನಗುತ್ತಾರೆ. ಕಣ್ಣಾರೆ ಕಂಡದ್ದು ಮರೆತುಹೋಗುವುದಿಲ್ಲ ಎಂಬುದು ಮೇಷ್ಟ್ರ ವಾದ. ಮಕ್ಕಳು ಪಾಸೂ ಆಗುತ್ತಾರೆ, ಹಾಳಾಗಿ ಹೋಗಲಿ.

ಇಷ್ಟು ವರ್ಷ ತುಟಿ ಪಿಟಕ್ಕೆನ್ನದವಳು ಈ ಸಲ ಬಾಯಿ ಬಿಟ್ಟಳು. ಮಗಳು ಹೈಸ್ಕೂಲಿಗೆ ಬಂದಿದ್ದಳು, ಇಷ್ಟು ದಿನ ಆ ಹೊತ್ತಿಗೆ ಆಟಕ್ಕೆ ಹೋಗುತ್ತಿದ್ದವಳು ಇನ್ನು ಅಪ್ಪನ ಟ್ಯೂಷನ್ನಿಗೆ ಕೂರುವವಳಿದ್ದಳು. ಬಟ್ಟೆ ಒಣಹಾಕಲು ಮಹಡಿಗೆ ಬಂದವಳು ನನ್ನ ಹತ್ತಿರ ಹೇಳಿಕೊಂಡಳು: "ಬೇರೆಯವರ ಮಕ್ಕಳು ನಕ್ರೆ ನಗ್ಲಿ ಅಕ್ಕ. ನನ್ನ ಮಗಳು ಮಾತ್ರ ಅದನ್ನ ನೋಡ್ಬಾರ್ದು."

ಗಂಡನ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡಳಂತೆ. ಇನ್ನು ಕರೆಯುವುದಿಲ್ಲ ಎಂದು ಮೇಷ್ಟ್ರು ಮಾತು ಕೊಟ್ಟರಂತೆ.

ಮಗಳು ಟ್ಯೂಷನ್ನಿಗೆ ಕೂತ ಮೊದಲ ದಿನ ಧೈರ್ಯಕ್ಕೆಂದು ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡಳು. ಹೊರಗೆ ಮೇಷ್ಟ್ರು ಕುರ್ಚಿ, ಪೆನ್ನು ಎಂದು ಏನೇನೋ ವಾಕ್ಯ ಹೇಳುತ್ತಿದ್ದರು. ಮಕ್ಕಳು ಆಕಳಿಸುತ್ತಿದ್ದರು. ಅವಳು ನನ್ನ ಮುಖ ನೋಡಿ ನಕ್ಕಳು, ಹಾಲು ಕಾಯಲು ಇಟ್ಟಳು.

ಆಗ ಮಗಳು ಬಾಗಿಲಿಗೆ ಬಂದಳು. "ಅಮ್ಮ, ಬಾ. ಎಲ್ರೂ ಕಾಯ್ತಿದಾರೆ."

ಅವಳು ಹೋದಳು, ನಾನೂ ಎದ್ದು ಬಾಗಿಲಲ್ಲಿ ನಿಂತೆ. ಈ ಸಲ ಮೊದಲ ಚೌಕದಲ್ಲಿ ನಿಂತದ್ದು ಮಗಳು. ನಾನು ಅಮ್ಮನಿಗೆ ಒಂದು ಏಟು ಕೊಟ್ಟೆ ಎಂದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ, ಆಬ್ಜೆಕ್ಟ್ ಯಾವುದು ಎಂದು ಕೇಳಿದಳು. ಮಕ್ಕಳು ಅಭ್ಯಾಸಬಲದಿಂದ ಅಮ್ಮನತ್ತ ಕೈ ತೋರಿಸಿದರು.

"ತಪ್ಪು. ಕೊಟ್ಟಿದ್ದು ಏಟು, ಡೈರೆಕ್ಟ್ ಆಬ್ಜೆಕ್ಟ್ ಅದೇ. ಅಮ್ಮ ಬರೀ ಇಸ್ಕೊಂಡವಳು," ಎಂದಳು ಮಗಳು. ಅರ್ಥವಾಗಲೆಂದು ಅಮ್ಮನ ಕೆನ್ನೆಗೆ ಪಟ್ಟೆಂದು ಬಾರಿಸಿಯೂ ತೋರಿಸಿದಳು.

ಮೇಷ್ಟ್ರು ಉಬ್ಬಿಹೋದರು, ಸೀಮೆಸುಣ್ಣವನ್ನು ಮಗಳ ಕೈಗೇ ಕೊಟ್ಟರು. ಅಪ್ಪ ಮಗಳಿಬ್ಬರಿಗೂ ನಾಲ್ಕು ಬಿಗಿಯೋಣ ಅನ್ನಿಸಿತು ನನಗೆ.

ಹಾಲು ಉಕ್ಕಿ ಒಲೆಯ ಮೇಲೆಲ್ಲ ಸೀದಿತ್ತು. ಅವಳು ಬಂದು ಅದನ್ನು ಒರೆಸಿದಳು.

"ಅವರು ಮಾತಿಗೆ ತಪ್ಪಲಿಲ್ಲ ಅಕ್ಕ," ಎಂದಳು. "ಅವರು ಕರೀಲಿಲ್ಲ."

ಮರುದಿನ ಸಂಜೆ ಯಾರೂ ಕರೆಯುವ ಮೊದಲೇ ಅವಳು ಹೋಗಿ ಮೂರನೆಯ ಚೌಕದಲ್ಲಿ ನಿಂತಿದ್ದಳು.