ಕಡಲಾನೆ ವರ್ಗದ ಅಡುಗೆಯವ

ದೋಣಿ ಕಟ್ಟುವ ಕಸುಬಿನ ಪದಗಳನ್ನು ಸಂಗ್ರಹಿಸಲು ದೇವಬಾಗಕ್ಕೆ ಹೋಗಿದ್ದೆ. ಬಡಗಿ ವಿಠೋಬಣ್ಣ ಪದಗಳ ಬದಲು ತಮ್ಮ ನೋಟುಬುಕ್ಕನ್ನು ಬಿಚ್ಚಿದರು. ಅದರಲ್ಲಿ ಅವರೇ ಕಲ್ಪಿಸಿದ ದೇಶವೊಂದರ ನೌಕಾಪಡೆಯಿತ್ತು: 'ಕಡಲಾನೆ' ವರ್ಗದ ಐದು ಯುದ್ಧನೌಕೆಗಳು. ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದವರು, ವಿಠೋಬಣ್ಣ ಗುಜರಿಗೆ ಹಾಕಲಿದ್ದ ಮೂರನೆಯ ನೌಕೆಯನ್ನು ಉಳಿಸಲೇಬೇಕೆಂದು ಅವರೊಡನೆ ನಿಜವಾಗಿಯೇ ಜಗಳಕ್ಕಿಳಿದರು. ನಾನು ಮೂರು ವರ್ಷಗಳಿಂದ ಬರೆಯುತ್ತಿದ್ದ ಕಾದಂಬರಿಯ ಕಲ್ಪಿತ ರಾಜ್ಯಕ್ಕಾಗಿ ಒಬ್ಬ ಗೆಳೆಯನೂ ಹೀಗೆ ದನಿಯೆತ್ತಿರಲಿಲ್ಲ. ಹೊಟ್ಟೆ ಉರಿಯಿತು.

"ನಿಮ್ಮ ಹಡಗುಗಳಲ್ಲಿ ಅಡುಗೆಮನೆಯೇ ಇಲ್ಲವಲ್ಲ!" ಎಂದು ತಪ್ಪು ಹಿಡಿದೆ.

ವಿಠೋಬಣ್ಣ ಹಾಳೆಗಳನ್ನು ತಿರುವಿ ನೋಡಿದರು. "ಹೌದಲ್ಲ ತಮಾ! ನಿಂಗೆ ಮೀನ್ ಸಾರು ಮಾಡೂಕೆ ಬತ್ತದ್ಯಾ?"

"ಇಲ್ಲ."

"ಹಾಗಾರೆ ಅಡ್ಗೆ ಸಹಾಯಕ ಅಂತ ಬರ್ಕಳ್ತೆ," ಎಂದು ನನ್ನ ಹೆಸರು ಕೇಳಿದರು. ಬಲೆಯವರು ನಕ್ಕರು.

ಹೊಟ್ಟೆಕಿಚ್ಚೇನೂ ಆರಲಿಲ್ಲ. ಆದರೂ ಮುಖ್ಯ ಅಡುಗೆಯವನೆಂದೇ ಬರೆಯಬೇಕೆಂದು ನಾನು ಅರ್ಧ ತಾಸು ವಾದಿಸಿದೆ.