ಓಡುವ ಯಂತ್ರದೊಳಗೆ ಐದು ಬೈಟು

ಇದೆಲ್ಲ ಹೀಗೇ ನಡೆಯಿತು ಎಂದು ಆಣೆ ಮಾಡಿ ಹೇಳಲಾರೆ. ಕಾರಟಗಿಯ ಆ ಅಕ್ಕಿ ಗಿರಣಿಗೆ ನಾನು ಬೈಕಿನಲ್ಲಿ ಹೋದೆನೋ ಬಸ್ಸಿನಲ್ಲೋ ಎಂಬುದೇ ಖಾತ್ರಿಯಿಲ್ಲ. ಹೆಂಡತಿಯ ಪ್ರಕಾರ ಬಸ್ಸು; ಆ ವಾರ ಬೈಕು ಕೊಪ್ಪಳದಲ್ಲಿ ರಿಪೇರಿಗೆ ಬಿದ್ದಿತ್ತಂತೆ. ನನಗಾದರೆ ಹೆಲ್ಮೆಟ್ಟಿನೊಳಗೆ ನುಗ್ಗಿದ ಭತ್ತದ ಹೊಟ್ಟಿನ ಧೂಳು ಇವತ್ತಿಗೂ ಮೂಗಿಗೆ ಬರುತ್ತದೆ. ಬಸ್ಸಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಕೂರುವಷ್ಟು ಹುಚ್ಚ ನಾನಲ್ಲ. ಪುರಾವೆಯಿಲ್ಲದ್ದನ್ನು ನಂಬಬೇಡ ಎಂದು ವಿಶ್ವವಿದ್ಯಾಲಯದಲ್ಲಿ ಕಲಿತೆ. ಆ ನಿಯಮವನ್ನು ನನ್ನ ನೆನಪಿಗೇ ಹಚ್ಚತೊಡಗಿದ ಮೇಲೆ ಮನೆಯಲ್ಲಿ ಜಗಳ ಕಡಿಮೆಯಾಗಿದೆ, ಕತೆ ಹೇಳುವುದು ಮಾತ್ರ ಕಷ್ಟವಾಗಿದೆ.

ಗಂಗಾವತಿ ಕಡೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು ನಾನು. ಫೋನ್ ಮಾಡಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಹುಲಿಹೈದರದ ಹುಡುಗಿ, ಅಪ್ಪ ಅವ್ವ ಇಬ್ಬರೂ ಕೂಲಿಗೆ ಹೋಗುವವರು. ಡಿಪ್ಲೊಮಾ ಮುಗಿಸಿ ಗಿರಣಿಯಲ್ಲಿ ಅಕ್ಕಿಯ ಬಣ್ಣ ನೋಡಿ ಆರಿಸುವ ಯಂತ್ರದ ಆಪರೇಟರ್ ಆಗಿದ್ದಳು. ಆ ಯಂತ್ರದೊಳಗೆ ಅಕ್ಕಿ ಮಳೆಯಂತೆ ಸುರಿಯುತ್ತದೆ. ಕಪ್ಪು ಕಾಳು ಕಂಡರೆ ಕ್ಯಾಮೆರಾ ಹೇಳುತ್ತದೆ, ಕೆಳಗೆ ಒಂದು ಗಾಳಿಯ ನಳಿಕೆ ಆ ಕಾಳು ತನ್ನೆದುರಿಗೆ ಬರುವ ಕ್ಷಣಕ್ಕೆ ಸರಿಯಾಗಿ ಊದಿ ಅದನ್ನು ಆಚೆ ಹಾರಿಸುತ್ತದೆ. ಕಣ್ಣು ಮಿಟುಕಿಸುವುದರೊಳಗಿನ ಲೆಕ್ಕ ಅದು.

"ಸರ್, ಮಷೀನು ಛಲೋ ಕಾಳನ್ನ ಹೊಡದು ಹಾಕಾಕ ಹತ್ತೇತ್ರಿ. ಸಾಹುಕಾರ್ರು ನಾನ ಸೆಟ್ಟಿಂಗ್ ಕೆಡಿಸೇನಿ ಅಂತಾರ. ನಾಳಿಂದ ತಮ್ಮ ಅಳಿಯನ್ನ ಕುಂದರಸ್ತಾರಂತ, ನನ್ನ ಚೀಲ ಹೊಲಿಯೋ ಕಡೆ ಹಾಕ್ತಾರಂತ."

"ಕಂಪನಿಯವರಿಗೆ ಫೋನ್ ಮಾಡಿದಿರೇನು?"

"ಅವರದು ಒಂದ ಮಂತ್ರರಿ. ಬಂದ್ ಮಾಡಿ ಚಾಲೂ ಮಾಡ್ರಿ ಅಂತಾರ. ಮಾಡಿದ್ರ ಸರಿಹೋಗತೈತಿ. ಸರಿಹೋತಂದ್ರ ಮಷೀನ್ದೇನೂ ತಪ್ಪಿಲ್ಲ, ನಂದ ತಪ್ಪು ಅಂತಾಗತೈತಿ. ಹಿಂದಿನ ಸುಗ್ಗ್ಯಾಗೂ ಹಿಂಗ ಆಗಿತ್ತು. ಈ ಸಲ ಸ್ವಿಚ್ಚಿನ ಮುಂದ ಕುರ್ಚಿ ಹಾಕ್ಕೊಂಡು ಕುಂತೇನ್ರಿ, ಯಾರಿಗೂ ಮುಟ್ಟಾಕ ಬಿಡಂಗಿಲ್ಲ."

ನಾನು ಕಲಿಸಿದವರ ಪೈಕಿ ಪುರಾವೆಯ ಬೆಲೆ ಅರಿತವಳು ಇವಳೊಬ್ಬಳೇ ಇರಬೇಕು. ಯಂತ್ರವನ್ನು ಬಂದ್ ಮಾಡಿದರೆ ರೋಗವೂ ಹೋಗುತ್ತದೆ, ರೋಗದ ಗುರುತೂ ಹೋಗುತ್ತದೆ. ಓಡುತ್ತಿರುವಾಗಲೇ ಒಳಗೆ ಇಣುಕಬೇಕು.

ಗಿರಣಿಗೆ ಹೋದಾಗ ಅವಳು ನಿಜಕ್ಕೂ ಸ್ವಿಚ್ಚಿಗೆ ಬೆನ್ನು ಕೊಟ್ಟು ಕೂತಿದ್ದಳು. ಗಿರಣಿಯ ಒಡೆಯ ಸಾಹುಕಾರರು ತೆಲುಗು ರಾಗದ ಮಾತಿನ, ದೊಡ್ಡ ಮೈಯ ಮನುಷ್ಯ. ನನಗೆ ಚಹಾ ತರಿಸಿದರು, ಅವಳ ಕಡೆ ಕೈ ತೋರಿಸಿದರು.

"ಮಾಸ್ತರ್ರ, ನಿಮ್ಮ ಶಿಷ್ಯೆ ನನ್ನ ಗಿರಣಿಯೊಳಗ ಧರಣಿ ಕುಂತಾಳ. ಊಟಾನೂ ಅಲ್ಲೇ ತರಿಸ್ಕೊಂಡಾಳ ನೋಡ್ರಿ!"

"ಉಪ್ಪಿನಕಾಯಿ ನಿಮ್ಮ ಮನಿಯಿಂದನ ಬಂದೈತ್ರಿ ಸಾಹುಕಾರ್ರ," ಎಂದಳು ಅವಳು. ಸಾಹುಕಾರರ ಹೆಂಡತಿ ಯಾರ ಪಕ್ಷ ಎಂಬುದು ಗೊತ್ತಾಯಿತು.

ನಾನು ಮಾಡಬೇಕೆಂದಿದ್ದ ಕೆಲಸವನ್ನು ಸಾಹುಕಾರರಿಗೆ ವಿವರಿಸಿದೆ. ಈ ಯಂತ್ರದ ತಲೆಯೂ ಒಂದು ಕಂಪ್ಯೂಟರು. ಅದರ ಆಪರೇಟಿಂಗ್ ಸಿಸ್ಟಮ್ಮಿನ ತಿರುಳನ್ನು ಕರ್ನೆಲ್ ಅನ್ನುತ್ತಾರೆ. ಗಾಳಿ ಯಾವಾಗ ಊದಬೇಕೆಂದು ಲೆಕ್ಕ ಹಾಕುವ ಆದೇಶಗಳು ಅದರೊಳಗಿವೆ. ಆ ಆದೇಶಗಳ ಆರಂಭದಲ್ಲಿ ಐದು ಬೈಟಿನಷ್ಟು, ಅಂದರೆ ಐದು ಅಕ್ಷರ ಹಿಡಿಯುವಷ್ಟು, ಖಾಲಿ ಜಾಗ ಬಿಟ್ಟಿರುತ್ತಾರೆ. ಅಲ್ಲಿ "ಮುಂದೆ ಹೋಗುವ ಮೊದಲು ನನಗೊಂದು ಮಾತು ಹೇಳಿ ಹೋಗು" ಎಂದು ಬರೆದರೆ ಲೆಕ್ಕದ ಅಂಕಿಗಳು ನಮ್ಮ ಕಣ್ಣಿಗೆ ಬೀಳುತ್ತವೆ. ತೊಡಕೆಂದರೆ ನಾವು ಬರೆಯುವಾಗಲೂ ಯಂತ್ರದ ನಾಲ್ಕು ಪ್ರೊಸೆಸರುಗಳು ಅದೇ ಸಾಲನ್ನು ಓದುತ್ತಲೇ ಇರುತ್ತವೆ. ಎರಡು ಬೈಟು ಹೊಸದು, ಮೂರು ಬೈಟು ಹಳೆಯದು ಇರುವಾಗ ಅವುಗಳಲ್ಲೊಬ್ಬ ಬಂದು ಓದಿದನೋ, ಅರ್ಥವಿಲ್ಲದ ಆದೇಶ ಪಾಲಿಸಲು ಹೋಗಿ ಇಡೀ ಯಂತ್ರ ಮಗುಚಿಕೊಳ್ಳುತ್ತದೆ. ಆಮೇಲೆ ಬಂದ್ ಮಾಡಿ ಚಾಲೂ ಮಾಡಲೇಬೇಕು. ಪುರಾವೆ ಹೋಯಿತು, ಹುಡುಗಿಯ ಕುರ್ಚಿಯೂ ಹೋಯಿತು.

"ಓಡೋ ಬಂಡಿಗೆ ಗಾಲಿ ಬದಲ್ಸಾಕ ಹೊಂಟೀರಿ ಅನ್ರಿ," ಎಂದರು ಸಾಹುಕಾರರು.

ಉಪಾಯವಿದೆ, ಒಂದೇ ಏಟಿಗೆ ಬರೆಯಬಾರದು ಎಂದೆ. ಮೊದಲ ಬೈಟಿನಲ್ಲಿ ಮಾತ್ರ ಒಂದು ತಡೆಯ ಗುರುತು ಇಡಬೇಕು. ಅಲ್ಲಿಗೆ ಬಂದವನು ಪಕ್ಕದ ದಾರಿಗೆ ತಿರುಗಿ, ಸುತ್ತಿಕೊಂಡು ಮುಂದೆ ಹೋಗುತ್ತಾನೆ. ನಾಲ್ವರಿಗೂ ಗುರುತು ಕಂಡಿದೆ ಎಂದು ಖಾತ್ರಿಯಾದ ಮೇಲೆ ಉಳಿದ ನಾಲ್ಕು ಬೈಟು ಬರೆಯಬೇಕು. ಮತ್ತೊಮ್ಮೆ ಖಾತ್ರಿ ಮಾಡಿಕೊಂಡು, ಕೊನೆಗೆ ತಡೆ ತೆಗೆದು ಅಲ್ಲಿ ನಿಜವಾದ ಮೊದಲ ಬೈಟು ಇಡಬೇಕು. ಈ ಕ್ರಮವನ್ನು ಕರ್ನೆಲ್ಲೇ ಪಾಲಿಸುತ್ತದೆ, ನಾನು ಕೇಳಿಕೊಂಡರೆ ಸಾಕು.

ಸಾಹುಕಾರರಿಗೆ ತಲೆಬುಡ ತಿಳಿಯಲಿಲ್ಲ. ಅವಳು ಎದ್ದು ಕಿಟಕಿಯಾಚೆ ಬೆರಳು ತೋರಿಸಿದಳು. ಅಲ್ಲಿ ಹಮಾಲರು ಚೀಲ ತುಂಬುತ್ತಿದ್ದರು. ಮೇಲಿನಿಂದ ಅಕ್ಕಿ ಬೀಳುವ ಕೊಳವೆಗೆ ಎರಡು ಬಾಯಿ, ನಡುವೆ ಒಂದು ತಗಡಿನ ಪಡದೆ. ಒಬ್ಬ ಪಡದೆ ಸರಿಸಿದ, ಅಕ್ಕಿ ಪಕ್ಕದ ಬಾಯಿಗೆ ತಿರುಗಿತು. ತುಂಬಿದ ಚೀಲ ಕಳಚಿ, ಖಾಲಿ ಚೀಲ ಕೊಕ್ಕೆಗೆ ಹಾಕಿ, ಪಡದೆಯನ್ನು ಹಿಂದಕ್ಕೆ ಎಳೆದ. ಒಂದು ಕಾಳೂ ನಿಲ್ಲಲಿಲ್ಲ, ಚೆಲ್ಲಲಿಲ್ಲ.

"ಮೊದಲ ಪಡದೆ, ಆಮ್ಯಾಲೆ ಚೀಲರಿ. ಚೀಲ ಮೊದಲ ಕಳಚಿದ್ರ ಕಾಲ ಮ್ಯಾಲೆ ಅಕ್ಕಿ," ಎಂದಳು.

"ಹಾಂ, ಇಷ್ಟ ಏನು? ಇದನ್ನ ಮೊದಲ ಹೇಳಬಾರದಾ ಮಾಸ್ತರ್ರ?" ಎಂದು ಸಾಹುಕಾರರು ಹೂಂಗುಟ್ಟಿದರು. ಆಮೇಲೆ ಎಷ್ಟೋ ತರಗತಿಗಳಲ್ಲಿ ಈ ಹೋಲಿಕೆಯನ್ನು ನನ್ನದೆಂಬಂತೆ ಹೇಳಿದ್ದೇನೆ. ಅವಳು ತೋರಿಸಿದ್ದೇ ಅಥವಾ ನಾನೇ ನೋಡಿದ್ದೇ ಎಂದು ಈಗ ಯಾರಾದರೂ ಕೇಳಿದರೆ ಅವಳದೆಂದೇ ಹೇಳುತ್ತೇನೆ. ನನಗೆ ಅಷ್ಟು ಬೇಗ ಹೊಳೆಯುವುದಿಲ್ಲ.

ಕಂಪನಿಯ ತಂತ್ರಜ್ಞ ಫೋನಿನಲ್ಲಿ ಗೊಣಗುತ್ತಲೇ ಪಾಸ್‌ವರ್ಡ್ ಕೊಟ್ಟ. ಅದೇ ಆವೃತ್ತಿಯ ಕರ್ನೆಲ್ಲಿನ ಮೇಲೆ ನನ್ನ ಲ್ಯಾಪ್‌ಟಾಪಿನಲ್ಲಿ ಮೂರು ಸಲ ಮಾಡಿ ನೋಡಿದೆ. ನಾಲ್ಕು ಸಲವೂ ಇರಬಹುದು. ಆಮೇಲೆ ಯಂತ್ರಕ್ಕೆ ತಂತಿ ಜೋಡಿಸಿ ಆದೇಶ ಬರೆದೆ. ಎಂಟರ್ ಒತ್ತದೆ ಆ ಸಾಲನ್ನೇ ಮತ್ತೆ ಮತ್ತೆ ಓದಿದೆ. ಇದು ಖಂಡಿತ ನೆನಪಿದೆ, ಏಕೆಂದರೆ ಅವಳು ನೋಡಿ ನಕ್ಕಳು.

"ಸರ್, ನೀವ ಹೆದರಿದ್ರ ಹೆಂಗ್ರಿ? ಪರೀಕ್ಷಾದಾಗ ನಮಗ ಹೆದರಬ್ಯಾಡ್ರಿ ಅಂತಿದ್ರಿ!"

ಒತ್ತಿದೆ. ಅಕ್ಕಿಯ ಸದ್ದು ಬದಲಾಗಲಿಲ್ಲ. ನಳಿಕೆಗಳು ಪಟಪಟನೆ ಊದುತ್ತಲೇ ಇದ್ದವು. ಪರದೆಯ ಮೇಲೆ ಅಂಕಿಗಳು ಇಳಿಯತೊಡಗಿದವು, ಪ್ರತಿಯೊಂದರ ಮುಂದೂ ಒಂದು ಮೈನಸ್ ಗುರುತು.

ಯಂತ್ರ ಚಾಲೂ ಆದಂದಿನಿಂದ ಕಳೆದ ಮಿಲಿಸೆಕೆಂಡುಗಳನ್ನು ಬರೆದಿಡಲು ಯಾರೋ ಒಂದು ಸಣ್ಣ ಡಬ್ಬಿ ಇಟ್ಟಿದ್ದರು. ಇಪ್ಪತ್ತೈದು ದಿನ ತುಂಬುವ ಮೊದಲೇ ಅದು ತುಂಬಿ, ಲೆಕ್ಕ ಸೊನ್ನೆಯ ಕೆಳಗೆ ಬೀಳುತ್ತದೆ. ಊದುವ ಹೊತ್ತು ಯಾವತ್ತೋ ಕಳೆದುಹೋಗಿದೆ ಎಂದುಕೊಂಡು ಯಂತ್ರ ಕಾಯದೆ ಊದುತ್ತದೆ, ಮುಂದಿದ್ದ ಒಳ್ಳೆಯ ಕಾಳಿಗೆ ಏಟು ಬೀಳುತ್ತದೆ. ದಿನವೂ ಯಂತ್ರ ಬಂದ್ ಮಾಡುವ ಗಿರಣಿಗಳಲ್ಲಿ ಇದು ಕಾಣುವುದೇ ಇಲ್ಲ. ಈ ಗಿರಣಿ ಸುಗ್ಗಿಯಲ್ಲಿ ನಿಲ್ಲುವುದಿಲ್ಲ.

"ಹೊತ್ತು ಸೊನ್ನಿಗಿಂತ ಕೆಳಗ ಹೋಗತೈತೇನ್ರಿ?" ಎಂದರು ಸಾಹುಕಾರರು.

"ಅದು ಕೆಳಗ ಹೋಗೇತ್ರಿ, ನಾ ಮಾತ್ರ ಇಲ್ಲೇ ಕುಂತೇನಿ," ಎಂದಳು ಅವಳು.

ಪರದೆಯ ಫೋಟೊ ತಂತ್ರಜ್ಞನಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವನೇ ಫೋನ್ ಮಾಡಿದ. ನನ್ನನ್ನು ಕೇಳಲಿಲ್ಲ. "ಮೇಡಂ ಅವರಿಗೆ ಕೊಡ್ರಿ" ಎಂದ. ಅಲ್ಲಿಯವರೆಗೆ ಅವಳು ಅವನಿಗೆ "ಆ ಹುಡುಗಿ" ಆಗಿದ್ದಳು. ಸಾಹುಕಾರರು ಇದನ್ನು ಕೇಳಿಸಿಕೊಂಡರು. ಅಳಿಯನ ಮಾತು ಮತ್ತೆ ಎತ್ತಲಿಲ್ಲ. ಅವನಿಗೆ ಲಾರಿಗಳ ಉಸ್ತುವಾರಿಯೇ ಛಲೋ ಎಂದು ತಾವೇ ತೀರ್ಮಾನಿಸಿಬಿಟ್ಟರು. ಡಬ್ಬಿ ದೊಡ್ಡದು ಮಾಡಿದ ಹೊಸ ತಂತ್ರಾಂಶ ಕಂಪನಿಯಿಂದ ಒಂದು ವಾರಕ್ಕೋ ಎರಡು ವಾರಕ್ಕೋ ಬಂತು, ಸರಿಯಾಗಿ ನೆನಪಿಲ್ಲ.

ಮುಂದಿನ ವರ್ಷ ಸುಗ್ಗಿ ಮುಗಿದ ಮೇಲೆ ಹೋಗಿ, ಯಂತ್ರದ ಲಾಗನ್ನು, ಅಂದರೆ ಅದು ತಾನೇ ಬರೆದಿಡುವ ದಿನಚರಿಯನ್ನು, ನಾನೇ ಕೂತು ಓದಿದೆ. ನಲವತ್ತೊಂದು ದಿನ ಅದು ಒಮ್ಮೆಯೂ ನಿಂತಿರಲಿಲ್ಲ. ಮೊದಲ ದಿನದಿಂದ ಕೊನೆಯ ದಿನದವರೆಗೆ, ಹಗಲು ಪಾಳಿಯ ಆಪರೇಟರ್ ಎಂಬಲ್ಲಿ ಅವಳ ಲಾಗಿನ್ ನಂಬರೇ ಇತ್ತು.