ಶಾಂತವ್ವನ ಪಕ್ಕದಲ್ಲಿ ಕೂತು

ಬಿರುಗಾಳಿಗೆ ತಿಕೋಟಾ ಬಳಿ ಒಣದ್ರಾಕ್ಷಿ ಶೆಡ್ಡು ಕುಸಿದು ಶಾಂತವ್ವನ ಗಂಡ ತೀರಿಕೊಂಡಿದ್ದ. ಆ ದಿನದ ಬಗ್ಗೆ ಆಕೆ ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಸ್ವಯಂಸೇವಕ ಮನಃಶಾಸ್ತ್ರಜ್ಞನಾಗಿ ಹೋದ ನಾನು, ಒಣದ್ರಾಕ್ಷಿಯಿಂದ ಕಡ್ಡಿ ಆರಿಸಿ ಹಸನು ಮಾಡುತ್ತಿದ್ದ ಆಕೆಯ ಎದುರಿಗೆ ನಮ್ಮ ವೃತ್ತಿಯ ನಿಯಮದಂತೆ ಕೂತೆ.

"ಯಪ್ಪಾ, ಪೊಲೀಸರಂಗ ಯಾಕ ಎದರಿಗೆ ಕುಂತೀರಿ? ಬಾಜೂಕ ಬಂದು ಕಡ್ಡಿ ಆರಸ್ರಿ."

ನಿಯಮ ಮುರಿಯುವುದು ನನಗಾಗದ ಕೆಲಸ. ಆದರೂ ಸರಿದು ಕೂತು ಆರಿಸತೊಡಗಿದೆ. ಅರ್ಧ ಗಂಟೆಯ ಮೇಲೆ ಆಕೆ ತಲೆ ಎತ್ತದೆಯೇ ಹೇಳಿದಳು: "ಗಾಳಿ ಬಿಟ್ಟೈತಿ, ಶೆಡ್ಡಿಗೆ ತಾಡಪತ್ರಿ ಕಟ್ಟಿ ಬರ್ರಿ ಅಂತ ನಾನ ಕಳಿಸಿದ್ದೆ ಅವರನ್ನ."

"ನಿಮ್ಮ ತಪ್ಪಲ್ಲ" ಎನ್ನಲು ಹೋಗದೆ ಕಡ್ಡಿ ಆರಿಸುತ್ತಲೇ ಇದ್ದೆ. ಆಕೆ ಎಲ್ಲವನ್ನೂ ಹೇಳಿದಳು, ಅತ್ತಳು.

ನಾನು ಹೊರಟಾಗ ಆಕೆ ನನ್ನ ರಾಶಿ ಕೆದಕಿ, "ಅರ್ಧಾ ಕಡ್ಡಿ ಹಂಗ ಉಳದಾವ. ನಾಳೆ ಬಂದು ಮುಗಸ್ರಿ," ಎಂದಳು.

ನನ್ನ ಕೆಲಸದಲ್ಲಿ ಯಾರೋ ತಪ್ಪು ಹುಡುಕಿದ್ದಕ್ಕೆ ಖುಷಿಪಟ್ಟದ್ದು ಅದೇ ಮೊದಲು.